ವಿಂಬಲ್ಡನ್ ಟಿಕೆಟ್: ಕಾಳಸಂತೆಗೆ ಬೀಗ ಬಿದ್ದರೆ ನಮಗೆ ಸೀಟು ಸಿಗುತ್ತಾ?

2025ರ ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ಘೋಷಣೆ ಮಾಡಿತು. ಸಂಗೀತ, ನಾಟಕ, ಆಟೋಟಗಳ ಟಿಕೆಟ್ಟನ್ನು ಮೂಲ ಬೆಲೆಗಿಂತ ಜಾಸ್ತಿಗೆ ಮರುಮಾರಾಟ ಮಾಡುವುದನ್ನು ಕಾನೂನುಬಾಹಿರ ಮಾಡುತ್ತೇವೆ ಎಂದಿತು. ಸುದ್ದಿ ಓದಿದ ಟೆನಿಸ್ ಪ್ರಿಯರ ಮನಸ್ಸು ನೇರ ವಿಂಬಲ್ಡನ್‌ಗೆ ಹೋಯಿತು. ಜೂನ್-ಜುಲೈನಲ್ಲಿ ಲಂಡನ್‌ಗೆ ಹೋಗುವ ಯೋಚನೆ ಇರುವವರಿಗಂತೂ ಇದು ಸಿಹಿ ಸುದ್ದಿ ಅನ್ನಿಸಿತು. ಬ್ಲ್ಯಾಕ್‌ನಲ್ಲಿ ಮಾರುವವರು ಹೋದರೆ ಟಿಕೆಟ್ ನಮ್ಮ ಕೈಗೆ ಸಿಗಬೇಕು, ಅಲ್ವಾ?

ಅಷ್ಟು ಸರಳವಾಗಿಲ್ಲ. ವಿಂಬಲ್ಡನ್‌ನ ಸಾಮಾನ್ಯ ಟಿಕೆಟ್ಟನ್ನು ಕೊಂಡವರು ಇನ್ನೊಬ್ಬರಿಗೆ ಮಾರುವಂತೆಯೇ ಇಲ್ಲ. ಈ ನಿಯಮ ಇಂದು ನಿನ್ನೆಯದಲ್ಲ. ಹಾಗಿದ್ದೂ ಅಂತರ್ಜಾಲದಲ್ಲಿ ಹುಡುಕಿದರೆ ಸೆಂಟರ್ ಕೋರ್ಟ್ ಎಂಬ ಮುಖ್ಯ ಅಂಗಣದ ಸೀಟುಗಳು ಸಾವಿರಾರು ಪೌಂಡಿಗೆ ರಾಜಾರೋಷವಾಗಿ ಬಿಕರಿಯಾಗುತ್ತವೆ. ಅವುಗಳಲ್ಲಿ ಕೆಲವು ಪೂರ್ತಿ ಕಾನೂನುಬದ್ಧ. ಗೊಂದಲ ಇರುವುದೇ ಇಲ್ಲಿ.

## ಬೆಲೆ ಕಡಿಮೆ, ಆದರೆ ಇನ್ನೇನೋ ಕೊಡಬೇಕು

2025ರಲ್ಲಿ ವಿಂಬಲ್ಡನ್ ಆವರಣದೊಳಗೆ ಹೋಗುವ ಗ್ರೌಂಡ್ ಪಾಸ್‌ಗೆ 30 ಪೌಂಡ್ ಇತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ. ಅದೇ ವರ್ಷ ಫೈನಲ್‌ನ ಸೆಂಟರ್ ಕೋರ್ಟ್ ಟಿಕೆಟ್‌ಗೆ ಟೂರ್ನಿ ನಡೆಸುವ ಆಲ್ ಇಂಗ್ಲೆಂಡ್ ಕ್ಲಬ್ ಇಟ್ಟ ಬೆಲೆ 315 ಪೌಂಡ್. ಇದು ಅಗ್ಗವೇನಲ್ಲ. ಆದರೆ ಅದೇ ಸೀಟಿಗೆ ಇದರ ಹತ್ತಾರು ಪಟ್ಟು ಕೊಡಲು ಜನ ಸಾಲುಗಟ್ಟಿ ನಿಂತಿರುತ್ತಾರೆ. ಅಂದರೆ ಕ್ಲಬ್ ಬೇಕೆಂದೇ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಮಾರುತ್ತಿದೆ.

ಬೆಲೆ ಕಡಿಮೆ ಇಟ್ಟ ಮೇಲೆ ಕೇಳುವವರು ಜಾಸ್ತಿ ಆಗುತ್ತಾರೆ, ಸೀಟು ಅಷ್ಟೇ ಇರುತ್ತದೆ. ಆಗ ಯಾರಿಗೆ ಕೊಡಬೇಕು, ಯಾರಿಗೆ ಇಲ್ಲ ಎಂಬುದನ್ನು ಬೇರೆ ಯಾವುದಾದರೂ ರೀತಿಯಲ್ಲಿ ತೀರ್ಮಾನಿಸಬೇಕಾಗುತ್ತದೆ. ತಿರುಪತಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದುಡ್ಡಿಲ್ಲದ ಸರ್ವದರ್ಶನಕ್ಕೆ ಗಂಟೆಗಟ್ಟಲೆ ಕಾಯಬೇಕು. 300 ರೂಪಾಯಿ ಟಿಕೆಟ್‌ಗೆ ತಿಂಗಳುಗಳ ಮೊದಲೇ ಮುಗಿಬೀಳಬೇಕು. ಕೆಲವು ಸೇವೆಗಳಿಗೆ ಲಕ್ಕಿ ಡಿಪ್. ವಿಂಬಲ್ಡನ್ ಕೂಡ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಅದೃಷ್ಟ ಇದ್ದವರಿಗೆ ಬ್ಯಾಲೆಟ್ ಎಂಬ ಚೀಟಿ ಎತ್ತುವ ಪದ್ಧತಿ, ಸಮಯ ಇದ್ದವರಿಗೆ ಕ್ಯೂ, ದುಡ್ಡಿದ್ದವರಿಗೆ ಡಿಬೆಂಚರ್ ಎಂಬ ಸಾಲಪತ್ರದ ಸೀಟು. ಹೊಸ ಕಾಯ್ದೆ ತಾಗುವುದು ಈ ಮೂರನೆಯದಕ್ಕೆ. ಉಳಿದೆರಡರ ಮೇಲೆ ಅದರ ಪರಿಣಾಮ ತೀರಾ ಕಡಿಮೆ.

## ಚೀಟಿ ಎತ್ತುವ ಆಟ

ಬ್ಯಾಲೆಟ್ ಪದ್ಧತಿ ಶುರುವಾಗಿದ್ದು 1924ರಲ್ಲಿ. ಅಂದಿನಿಂದಲೂ ಅರ್ಜಿಗಳು ಟಿಕೆಟ್‌ಗಿಂತ ಎಷ್ಟೋ ಪಾಲು ಹೆಚ್ಚು. ಈಗ ಎಲ್ಲವೂ ಆನ್‌ಲೈನ್. ಕ್ಲಬ್‌ನ ಜಾಲತಾಣದಲ್ಲಿ ಒಂದು ಖಾತೆ ತೆರೆದು, ಸಾಮಾನ್ಯವಾಗಿ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಬೇಕು. ಎರಡು ವಾರದ ಆಸುಪಾಸು ಮಾತ್ರ ಅದು ತೆರೆದಿರುತ್ತದೆ. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ನೋಡುತ್ತಾ ವಿಂಬಲ್ಡನ್ ನೆನಪಾದರೆ ಆಗಲೇ ತಡವಾಗಿರುತ್ತದೆ.

ಹೊರದೇಶದವರೂ ಅರ್ಜಿ ಹಾಕಬಹುದು. ಆದರೆ ಇಲ್ಲೊಂದು ತೊಡಕಿದೆ. ಚೀಟಿಯಲ್ಲಿ ಹೆಸರು ಬಂದರೆ ಯಾವ ದಿನ, ಯಾವ ಕೋರ್ಟ್ ಎಂದು ನಿರ್ಧರಿಸುವುದು ಕಂಪ್ಯೂಟರ್. ನಮಗೆ ಆಯ್ಕೆ ಇಲ್ಲ. ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ. ಲಂಡನ್‌ನಲ್ಲೇ ಇರುವವರು ಆ ದಿನ ರಜೆ ಹಾಕಿ ಹೋಗಬಹುದು. ಬೆಂಗಳೂರಿನಿಂದ ಐದು ದಿನಕ್ಕೆಂದು ಹೋಗುವವರಿಗೆ ಎರಡನೇ ವಾರದ ಬುಧವಾರದ ಟಿಕೆಟ್ ಬಂದರೆ, ಅದಕ್ಕೆ ತಕ್ಕಂತೆ ಇಡೀ ಪ್ರವಾಸವನ್ನೇ ಮತ್ತೆ ಹೊಂದಿಸಬೇಕು.

ಇದರ ಮೇಲೆ ಬ್ರಿಟನ್‌ನ ಟೆನಿಸ್ ಸಂಸ್ಥೆಯ ಸದಸ್ಯರಿಗೆ ಮತ್ತು ಅಲ್ಲಿನ ಟೆನಿಸ್ ಕ್ಲಬ್‌ಗಳಿಗೆ ಪ್ರತ್ಯೇಕ ಪಾಲಿದೆ. ಅಂದರೆ ಎಲ್ಲರಿಗೂ ತೆರೆದ ಚೀಟಿಯಲ್ಲಿ ಇರುವುದು ಉಳಿದ ಪಾಲು.

ಹೀಗೆ ಸಿಕ್ಕ ಟಿಕೆಟ್ ಅರ್ಜಿದಾರರ ಹೆಸರಿನಲ್ಲಿ, ಮೊಬೈಲ್ ಆ್ಯಪ್‌ನಲ್ಲಿ ಇರುತ್ತದೆ. ಮಾರುವ ಹಾಗಿಲ್ಲ. ಹೋಗಲು ಆಗದಿದ್ದರೆ ಕ್ಲಬ್‌ಗೇ ವಾಪಸ್ ಕೊಡಬೇಕು. ಮಾರಿದ್ದು ಗೊತ್ತಾದರೆ ಟಿಕೆಟ್ ರದ್ದು. ಆಗ ಬಾಗಿಲಲ್ಲಿ ನಿಂತು ಪೇಚಾಡುವವರು ಕೊಂಡವರೇ ಹೊರತು ಮಾರಿದವರಲ್ಲ.

## ಹುಲ್ಲಿನ ಮೇಲೆ ಒಂದು ರಾತ್ರಿ

ಹೊರಗಿನಿಂದ ಹೋಗುವವರಿಗೆ ನಿಜವಾಗಿ ಅನುಕೂಲ ಆಗುವುದು ಕ್ಯೂ. ಎಷ್ಟೋ ಜನರಿಗೆ ಇದು ನಂಬಲು ಕಷ್ಟ. ಇಷ್ಟು ದೊಡ್ಡ ಟೂರ್ನಿಗೆ ಆ ದಿನವೇ ಹೋಗಿ ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳಬಹುದು ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಪ್ರತಿದಿನ ಸೆಂಟರ್ ಕೋರ್ಟ್, ಒಂದನೇ ಕೋರ್ಟ್, ಎರಡನೇ ಕೋರ್ಟ್‌ಗಳಿಗೆ ತಲಾ ಸುಮಾರು 500 ಟಿಕೆಟ್ಟುಗಳನ್ನು ಕ್ಯೂನಲ್ಲಿ ನಿಂತವರಿಗೆಂದೇ ಎತ್ತಿಡುತ್ತಾರೆ. ಜೊತೆಗೆ ಸಾವಿರಾರು ಗ್ರೌಂಡ್ ಪಾಸ್. ಕೊನೆಯ ನಾಲ್ಕು ದಿನ ಮಾತ್ರ ಸೆಂಟರ್ ಕೋರ್ಟ್ ಟಿಕೆಟ್ ಕ್ಯೂನಲ್ಲಿ ಸಿಗುವುದಿಲ್ಲ.

ಕ್ಯೂ ನಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೌತ್‌ಫೀಲ್ಡ್ಸ್ ಎಂಬ ಟ್ಯೂಬ್ ಸ್ಟೇಷನ್‌ನಲ್ಲಿ ಇಳಿದು ಹದಿನೈದು ನಿಮಿಷ ನಡೆದರೆ ವಿಂಬಲ್ಡನ್ ಪಾರ್ಕ್. ಅಲ್ಲಿ ಹುಲ್ಲುಗಾವಲಿನಲ್ಲಿ ಸಾಲು. ಕೊನೆ ಎಲ್ಲಿದೆ ಎಂದು ತಿಳಿಯಲು ಒಂದು ಬಾವುಟ. ಅಲ್ಲಿ ಹೋಗಿ ನಿಂತ ಕೂಡಲೇ ಕೈಗೆ ಒಂದು ಕಾರ್ಡ್ ಕೊಡುತ್ತಾರೆ. ಅದರ ಮೇಲೆ ದಿನಾಂಕ ಮತ್ತು ನಮ್ಮ ನಂಬರ್. ಆ ನಂಬರೇ ಎಲ್ಲವೂ. ಅದು ಐನೂರರ ಒಳಗಿದ್ದರೆ ಸೆಂಟರ್ ಕೋರ್ಟ್ ಬಹುತೇಕ ಖಾತ್ರಿ. ಮೂರು ಮುಖ್ಯ ಕೋರ್ಟ್‌ಗಳ ಪಾಲು ಸೇರಿದರೆ ಸಾವಿರದೈನೂರು. ಅಲ್ಲಿಂದ ಆಚೆಗೆ ಗ್ರೌಂಡ್ ಪಾಸ್.

ಸಾಲಿನ ಮುಂಭಾಗದ ನಂಬರ್ ಬೇಕೆಂದರೆ ಹಿಂದಿನ ದಿನವೇ ಹೋಗಿ ಟೆಂಟ್ ಹಾಕಬೇಕು. ಇಬ್ಬರು ಮಲಗುವಷ್ಟು ಚಿಕ್ಕ ಟೆಂಟ್‌ಗೆ ಮಾತ್ರ ಅವಕಾಶ. ಬೆಳಗಿನ ಜಾವ ಸಾಲು ನೋಡಿಕೊಳ್ಳುವ ಸ್ಟೀವರ್ಡ್‌ಗಳು ಬಂದು ಎಬ್ಬಿಸುತ್ತಾರೆ. ಟೆಂಟ್ ಮಡಚಿ ಸಾಮಾನು ಕೋಣೆಗೆ ಕೊಟ್ಟು ಒತ್ತಾಗಿ ನಿಲ್ಲಬೇಕು. ಆಮೇಲೆ ಸಾಲಿನ ಮುಂಭಾಗದಲ್ಲಿರುವವರ ಮಣಿಕಟ್ಟಿಗೆ ಕೋರ್ಟ್‌ಗೊಂದು ಬಣ್ಣದ ಪಟ್ಟಿ ಕಟ್ಟುತ್ತಾರೆ. ಹತ್ತು ಗಂಟೆಗೆ ಗೇಟು ತೆರೆಯುತ್ತದೆ. ದುಡ್ಡು ಕೊಡುವುದು ಗೇಟಿನ ಬಳಿ, ಅದೂ ಬ್ಯಾಂಕ್ ಕಾರ್ಡ್‌ನಲ್ಲಿ ಮಾತ್ರ. ನೋಟು ನಡೆಯುವುದಿಲ್ಲ.

ನಿಯಮಗಳು ಬಲು ಬಿಗಿ. ಒಬ್ಬರಿಗೆ ಒಂದೇ ಟಿಕೆಟ್. ಕ್ಯೂ ಕಾರ್ಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಶೌಚಕ್ಕೋ ಕಾಫಿಗೋ ಹೋದರೆ ಅರ್ಧ ಗಂಟೆಯೊಳಗೆ ಬರಬೇಕು. "ನನ್ನ ಜಾಗ ನೋಡ್ಕೊಳ್ಳಿ, ನಮ್ಮವರು ನಾಲ್ಕು ಜನ ಆಮೇಲೆ ಬರ್ತಾರೆ" ಎನ್ನುವ ನಮ್ಮೂರ ಕಲೆ ಅಲ್ಲಿ ನಡೆಯುವುದಿಲ್ಲ. ಈ ಬಿಗಿಯಿಂದಲೇ ಕ್ಯೂ ಇಷ್ಟು ವರ್ಷ ಉಳಿದುಕೊಂಡಿದೆ. ಕೂಲಿ ಕೊಟ್ಟು ಹತ್ತು ಜನರನ್ನು ನಿಲ್ಲಿಸಿ ಟಿಕೆಟ್ ಎತ್ತುವ ದಂಧೆಗೆ ಇಲ್ಲಿ ದಾರಿಯೇ ಇಲ್ಲ. ಕಾರ್ಡ್ ಹಿಡಿದವರೇ ಗೇಟಿನಲ್ಲಿ ಟಿಕೆಟ್ ಕೊಂಡು ಆ ಕ್ಷಣವೇ ಒಳಗೆ ಹೋಗಬೇಕು. ಮಾರಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕ್ಯೂ ನ್ಯಾಯವಾದದ್ದೇ? ಅರ್ಧ ಮಾತ್ರ. ದುಡ್ಡಿನ ಭೇದ ಇಲ್ಲ ನಿಜ. ಆದರೆ ಮಂಡಿನೋವಿನ ಹಿರಿಯರಿಗೆ, ಎಳೆ ಮಕ್ಕಳಿರುವ ದಂಪತಿಗೆ ರಾತ್ರಿಯಿಡೀ ಹುಲ್ಲಿನ ಮೇಲೆ ಮಲಗಿ ಎಂದರೆ ಆಗುತ್ತದೆಯೇ? ಲಂಡನ್‌ನ ಮಳೆ ಬೇರೆ. ಬೆಲೆಯನ್ನು ಪೌಂಡ್‌ನಲ್ಲಿ ವಸೂಲಿ ಮಾಡದೆ ನಿದ್ದೆಯಲ್ಲಿ ವಸೂಲಿ ಮಾಡುತ್ತಾರೆ, ಅಷ್ಟೆ.

## ಸಾಲಪತ್ರದ ಸೀಟು

ಈಗ ಆ ಸಾವಿರಾರು ಪೌಂಡಿನ ಸೀಟಿಗೆ ಬರೋಣ. 1920ರಲ್ಲಿ ಕ್ಲಬ್‌ಗೆ ಚರ್ಚ್ ರಸ್ತೆಯಲ್ಲಿ ಹೊಸ ಜಾಗ ಕೊಳ್ಳಲು ದುಡ್ಡು ಬೇಕಿತ್ತು. ಆಗ ಡಿಬೆಂಚರ್, ಅಂದರೆ ಸಾಲಪತ್ರ, ಹೊರಡಿಸಿತು. ದುಡ್ಡು ಕೊಟ್ಟವರಿಗೆ ಸೀಟಿನ ಹಕ್ಕು. ಎರಡು ವರ್ಷದ ನಂತರ, 1922ರಲ್ಲಿ, ಟೂರ್ನಿ ಈಗಿನ ಜಾಗಕ್ಕೆ ಬಂತು. ಪದ್ಧತಿ ಇಂದಿಗೂ ಮುಂದುವರಿದಿದೆ. ಐದು ವರ್ಷಕ್ಕೊಂದು ಕಂತು.

2026ರಿಂದ 2030ರವರೆಗಿನ ಕಂತಿನಲ್ಲಿ ಸೆಂಟರ್ ಕೋರ್ಟ್‌ಗೆ 2,520 ಡಿಬೆಂಚರ್‌ಗಳು. ಒಂದಕ್ಕೆ 1,16,000 ಪೌಂಡ್. ಅಂದರೆ ಒಂದೂಕಾಲು ಕೋಟಿ ರೂಪಾಯಿಗೂ ಜಾಸ್ತಿ. ಎಲ್ಲ ಸೇರಿ ಸುಮಾರು 29 ಕೋಟಿ ಪೌಂಡ್. ಇಂಥ ದುಡ್ಡಿನ ಬಲದಲ್ಲೇ ಸೆಂಟರ್ ಕೋರ್ಟ್‌ಗೆ 2009ರಲ್ಲಿ, ಒಂದನೇ ಕೋರ್ಟ್‌ಗೆ 2019ರಲ್ಲಿ ತೆರೆದು ಮುಚ್ಚುವ ಛಾವಣಿ ಬಂತು.

ಒಂದು ಡಿಬೆಂಚರ್‌ಗೆ ಪ್ರತಿ ವರ್ಷ 14 ದಿನವೂ ಒಂದು ಸೀಟು. ಐದು ವರ್ಷಕ್ಕೆ 70 ದಿನ. ಸುಮ್ನೆ ಭಾಗಿಸಿ ನೋಡಿದರೆ ದಿನಕ್ಕೆ 1,657 ಪೌಂಡ್ ಬೀಳುತ್ತದೆ. ಯಾರು ತಾನೇ ಎಲ್ಲ ದಿನ ಹೋಗಿ ಕೂರುತ್ತಾರೆ? ಆದ್ದರಿಂದ ಈ ಸೀಟುಗಳನ್ನು ಬೇಕಾದವರಿಗೆ, ಬೇಕಾದ ಬೆಲೆಗೆ ಮಾರುವ ಹಕ್ಕನ್ನು ಕ್ಲಬ್ಬೇ ಕೊಟ್ಟಿದೆ. ಸೆಂಟರ್ ಕೋರ್ಟ್‌ನಲ್ಲಿ ಸುಮಾರು 15,000 ಸೀಟು. ಅಂದರೆ ಆರರಲ್ಲಿ ಒಂದು ಸೀಟು ಇಂಥದ್ದು. ಅಂತರ್ಜಾಲದಲ್ಲಿ ಕಾಣುವ ದುಬಾರಿ ಟಿಕೆಟ್ ನಿಜವಾದದ್ದಾಗಿದ್ದರೆ ಬಹುಪಾಲು ಡಿಬೆಂಚರ್ ಸೀಟೇ ಆಗಿರುತ್ತದೆ. ಇಲ್ಲವಾದರೆ ಊಟ-ತಿಂಡಿ ಸೇರಿಸಿ ಅಧಿಕೃತ ಏಜೆನ್ಸಿಗಳು ಮಾರುವ ಹಾಸ್ಪಿಟಾಲಿಟಿ ಪ್ಯಾಕೇಜ್. ಎರಡೂ ಅಲ್ಲ ಎಂದಾದರೆ ಆ ಕಡೆ ತಲೆ ಹಾಕದಿರುವುದೇ ಒಳ್ಳೆಯದು.

## ಕಾಯ್ದೆ ಬಂದರೆ ಏನಾಗುತ್ತದೆ?

ಸರ್ಕಾರದ ಯೋಜನೆ ಹೀಗಿದೆ. ಮೂಲ ಬೆಲೆ ಮತ್ತು ತಪ್ಪಿಸಲಾಗದ ಶುಲ್ಕ, ಇವೆರಡನ್ನು ಮೀರಿ ಮಾರುವಂತಿಲ್ಲ. ಮರುಮಾರಾಟದ ಜಾಲತಾಣಗಳು ಸೇವಾಶುಲ್ಕವನ್ನೂ ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. ನಿಯಮ ಪಾಲನೆಯ ಹೊಣೆ ಅವುಗಳದೇ. ತಪ್ಪಿದರೆ ಜಾಗತಿಕ ವಹಿವಾಟಿನ ಶೇ 10ರವರೆಗೂ ದಂಡ. ಮರುಮಾರಾಟದ ಟಿಕೆಟ್ ಕೊಳ್ಳುವವರಿಗೆ ಸರಾಸರಿ 37 ಪೌಂಡ್ ಉಳಿಯುತ್ತದೆ ಎಂಬುದು ಸರ್ಕಾರದ ಲೆಕ್ಕ.

ಮರುಮಾರಾಟದ ಕಂಪನಿಗಳ ವಾದ ಬೇರೆ. ಬೆಲೆಗೆ ಮಿತಿ ಹಾಕಿದರೆ ವ್ಯಾಪಾರ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಕಡೆಗೆ ಹೋಗುತ್ತದೆ ಎನ್ನುತ್ತವೆ ಅವು. ಸಾಮಾಜಿಕ ಜಾಲತಾಣದಲ್ಲಿ ಯಾರೋ ಅಪರಿಚಿತರಿಗೆ ದುಡ್ಡು ಹಾಕಿ ಮೋಸಹೋಗುವವರು ಹೆಚ್ಚುತ್ತಾರೆ ಎಂಬ ಎಚ್ಚರಿಕೆ ಅದು. ತಮ್ಮ ಅಂಗಡಿ ಉಳಿಸಿಕೊಳ್ಳುವ ಮಾತು ಇದು ಎಂಬುದು ನಿಜ. ಆದರೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಬೇಡಿಕೆ ಇದ್ದಲ್ಲಿ ಕಳ್ಳದಾರಿ ಹುಟ್ಟಿಕೊಳ್ಳುತ್ತದೆ.

ವಿಂಬಲ್ಡನ್ ಮಟ್ಟಿಗೆ ಕಗ್ಗಂಟು ಇರುವುದು ಡಿಬೆಂಚರ್‌ನಲ್ಲಿ. ಇದರ "ಮೂಲ ಬೆಲೆ" ಯಾವುದು? ಮೊದಲ ಸೋಮವಾರದ ಸೀಟಿಗೂ ಫೈನಲ್‌ನ ಸೀಟಿಗೂ ಒಂದೇ 1,657 ಪೌಂಡ್ ಎಂದರೆ ಅರ್ಥವಿಲ್ಲ. ಮೊದಲ ವಾರದ ನಷ್ಟವನ್ನು ಫೈನಲ್‌ನಲ್ಲಿ ತುಂಬಿಕೊಳ್ಳುವ ಲೆಕ್ಕದಲ್ಲೇ ಜನ ಇದನ್ನು ಕೊಂಡಿರುತ್ತಾರೆ. ಅವರಿಗೆ ಬಿಗಿ ಮಿತಿ ಹಾಕಿದರೆ ಡಿಬೆಂಚರ್‌ನ ಬೆಲೆಯೇ ಕುಸಿಯುತ್ತದೆ. ಮುಂದಿನ ಕಂತಿಗೆ ಅಷ್ಟು ದುಡ್ಡು ಬರುವುದಿಲ್ಲ. ಆಗ ಕ್ಲಬ್ ಕಟ್ಟಡ ಕೆಲಸಗಳನ್ನು ಮುಂದೂಡಬೇಕು, ಇಲ್ಲವೇ ಸಾಮಾನ್ಯ ಟಿಕೆಟ್‌ನ ಬೆಲೆ ಏರಿಸಬೇಕು. ಇನ್ನೊಂದು ಮಾತೂ ಇದೆ. ಟೂರ್ನಿಯ ಖರ್ಚು ಕಳೆದು ಉಳಿದ ಹಣದಲ್ಲಿ ಶೇ 90ರಷ್ಟು ಬ್ರಿಟನ್‌ನ ಟೆನಿಸ್ ಸಂಸ್ಥೆಗೆ ಹೋಗುತ್ತದೆ. ಕ್ಲಬ್‌ನ ಲೆಕ್ಕ ಏರುಪೇರಾದರೆ ಪೆಟ್ಟು ಅಲ್ಲಿಯವರೆಗೂ ತಟ್ಟಬಹುದು.

ಡಿಬೆಂಚರ್‌ಗೆ ವಿನಾಯಿತಿ ಕೊಟ್ಟರೆ? ಹಾಗಾದರೆ ವಿಂಬಲ್ಡನ್‌ನಲ್ಲಿ ಬದಲಾಗುವುದು ಬಹಳ ಕಡಿಮೆ. ಎಲ್ಲರಿಗೂ ಮಿತಿ, ಕೋಟಿ ಕೊಟ್ಟವರಿಗೆ ಮಾತ್ರ ಇಲ್ಲ ಎಂಬ ಟೀಕೆ ಬರುತ್ತದೆ, ಅದು ನ್ಯಾಯವೂ ಹೌದು. ಯಾವ ದಾರಿ ಹಿಡಿದರೂ ಬ್ಯಾಲೆಟ್‌ನಲ್ಲಿ ಒಂದು ಸೀಟೂ ಹೆಚ್ಚುವುದಿಲ್ಲ. ಹೊರಗಿನಿಂದ ಹೋಗುವವರು ಗಮನಿಸಬೇಕಾದ ಅಂಶ ಇದೇ.

## ಉಳಿದ ಮೂರು ಕಡೆ

ಉಳಿದ ಮೂರು ಗ್ರ್ಯಾಂಡ್‌ಸ್ಲಾಮ್ ಟೂರ್ನಿಗಳು ನಡೆಯುವ ಕಡೆ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲಾಂ ಗ್ಯಾರೋಸ್‌ನಲ್ಲಿ ಟಿಕೆಟ್ ಮೇಲೆ ಹೆಸರು ಇರುತ್ತದೆ, ಬೇಡವಾದವರು ಅಧಿಕೃತ ತಾಣದಲ್ಲೇ ಮರಳಿ ಮಾರಬೇಕು. ಆಸ್ಟ್ರೇಲಿಯನ್ ಓಪನ್ ನಡೆಯುವ ವಿಕ್ಟೋರಿಯಾ ರಾಜ್ಯದಲ್ಲಿ, ಸರ್ಕಾರ ಪಟ್ಟಿ ಮಾಡಿದ ದೊಡ್ಡ ಕಾರ್ಯಕ್ರಮಗಳ ಟಿಕೆಟ್ಟನ್ನು ಮೂಲ ಬೆಲೆಗಿಂತ ಶೇ 10ಕ್ಕೂ ಜಾಸ್ತಿಗೆ ಮಾರುವುದು ಅಪರಾಧ. ಯುಎಸ್ ಓಪನ್ ನಡೆಯುವ ನ್ಯೂಯಾರ್ಕ್‌ನಲ್ಲಿ ಎಲ್ಲ ತದ್ವಿರುದ್ಧ. ಅಲ್ಲಿ ಮರುಮಾರಾಟ ಮುಕ್ತ. ದುಡ್ಡಿದ್ದರೆ ಕೊನೆ ದಿನವೂ ಸೀಟು ಸಿಗುತ್ತದೆ, ಬೆಲೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ.

## ಜಾಗ ಹೆಚ್ಚಾದರೆ ಟಿಕೆಟ್ ಹೆಚ್ಚುತ್ತಾ?

ಈ ಪ್ರಶ್ನೆಗೆ ಕ್ಲಬ್ ಕೊಡುವ ಉತ್ತರ ಹೌದು. ರಸ್ತೆಯ ಆಚೆಗಿನ ಹಳೆ ಗಾಲ್ಫ್ ಮೈದಾನದಲ್ಲಿ 38 ಹುಲ್ಲಿನ ಕೋರ್ಟ್‌ಗಳು ಮತ್ತು 8,000 ಸೀಟಿನ ಒಂದು ದೊಡ್ಡ ಕೋರ್ಟ್ ಕಟ್ಟುವ ಯೋಜನೆ ಇದೆ. ದಿನಕ್ಕೆ ಈಗ ಸುಮಾರು 42,000 ಜನರಿಗೆ ಅವಕಾಶ. ಅದು 50,000 ಆಗುತ್ತದೆ. ಈಗ ರೋಹ್ಯಾಂಪ್ಟನ್‌ನಲ್ಲಿ ನಡೆಯುವ ಅರ್ಹತಾ ಸುತ್ತೂ ಇಲ್ಲಿಗೇ ಬರುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಯರ್ ಕಚೇರಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸ್ಥಳೀಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಈ ಜಮೀನಿನಲ್ಲಿ ಕಟ್ಟಡ ಕಟ್ಟುವುದಿಲ್ಲ ಎಂದು 1993ರಲ್ಲಿ ಕೊಳ್ಳುವಾಗ ಕ್ಲಬ್ ಒಪ್ಪಿಕೊಂಡಿತ್ತು, ಈಗ ಮಾತು ತಪ್ಪುತ್ತಿದೆ ಎಂಬುದು ಅವರ ಸಿಟ್ಟು. 2025ರ ಜುಲೈನಲ್ಲಿ ಹೈಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಹೋರಾಟಗಾರರು ಅಲ್ಲಿಗೇ ಸುಮ್ಮನಾಗಲಿಲ್ಲ.

ಕಟ್ಟಿದರೂ ಸೆಂಟರ್ ಕೋರ್ಟ್ ಮಾತ್ರ ಅಷ್ಟೇ ಇರುತ್ತದೆ. ಹೆಚ್ಚುವುದು ಒಳಗೆ ಕಾಲಿಡುವ ಅವಕಾಶ. ಗ್ರೌಂಡ್ ಪಾಸ್ ನೆಚ್ಚಿಕೊಂಡವರಿಗೆ ಅದೇನೂ ಸಣ್ಣ ವಿಷಯವಲ್ಲ.

## ಬೆಂಗಳೂರಿನಿಂದ ಹೊರಡುವವರ ಲೆಕ್ಕ

2026ರ ಟೂರ್ನಿ ಜೂನ್ 29ರಿಂದ ಜುಲೈ 12ರವರೆಗೆ. ಭಾರತೀಯರಿಗೆ ಬ್ರಿಟನ್‌ನ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲು ಆಗುವುದಿಲ್ಲ. ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ. ಅಂದರೆ ಏಪ್ರಿಲ್‌ನಲ್ಲೇ ಕೆಲಸ ಶುರು ಮಾಡುವುದು ಕ್ಷೇಮ. ದುಬಾರಿ ಡಿಬೆಂಚರ್ ಸೀಟನ್ನು ವೀಸಾ ಬರುವ ಮೊದಲೇ ಕೊಂಡವರು ದೊಡ್ಡ ಜೂಜಾಡಿದ ಹಾಗೆ. ಕ್ಯೂನಲ್ಲಿ ಈ ಭಯ ಇಲ್ಲ. ಮೊದಲೇ ಏನೂ ಕೊಂಡಿರುವುದಿಲ್ಲವಲ್ಲ!

ಎಲ್ಲರೂ ಸೆಂಟರ್ ಕೋರ್ಟ್ ಎಂದು ಜಪಿಸುವುದರಿಂದ ಗ್ರೌಂಡ್ ಪಾಸ್‌ನ ಬೆಲೆ ಅನೇಕರಿಗೆ ತಿಳಿಯುವುದಿಲ್ಲ. ಮೊದಲ ವಾರ ಹೊರಗಿನ ಕೋರ್ಟ್‌ಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದಲೇ ಆಟ. ಆಟಗಾರರು ಕೈಯಳತೆಯಲ್ಲಿ ಇರುತ್ತಾರೆ. ಚೆಂಡು ರಾಕೆಟ್‌ಗೆ ಬಡಿಯುವ ಸದ್ದು, ಜೋಡಿ ಆಟಗಾರರು ಪಾಯಿಂಟ್ ನಡುವೆ ಆಡುವ ಪಿಸುಮಾತು, ಎಲ್ಲ ಕೇಳುತ್ತದೆ. 2010ರಲ್ಲಿ ಇಸ್ನರ್ ಮತ್ತು ಮಾಹು ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿ, ಕೊನೆಯ ಸೆಟ್ 70-68ಕ್ಕೆ ಮುಗಿದ ಪಂದ್ಯ ನಡೆದದ್ದು 18ನೇ ಕೋರ್ಟ್‌ನಲ್ಲಿ. ಅಲ್ಲಿ ಕೂರಲು ಗ್ರೌಂಡ್ ಪಾಸ್ ಸಾಕಿತ್ತು. ಕೊಡಗಿನ ರೋಹನ್ ಬೋಪಣ್ಣ 2013, 2015 ಮತ್ತು 2023ರಲ್ಲಿ ಪುರುಷರ ಡಬಲ್ಸ್ ಸೆಮಿಫೈನಲ್ ತಲುಪಿದ್ದರು. ಡಬಲ್ಸ್‌ನ ಆರಂಭಿಕ ಸುತ್ತುಗಳು ಹೆಚ್ಚಾಗಿ ನಡೆಯುವುದೇ ಈ ಹೊರ ಕೋರ್ಟ್‌ಗಳಲ್ಲಿ. 2025ರ ನವೆಂಬರ್‌ನಲ್ಲಿ ಬೋಪಣ್ಣ ನಿವೃತ್ತಿ ಹೇಳಿದರು. ಭಾರತದ ಜೋಡಿ ಆಟಗಾರರನ್ನು ನೋಡಲು ಹೋಗುವವರಿಗೆ ಮಾತ್ರ ಈಗಲೂ ಇದೇ ಸರಿಯಾದ ಟಿಕೆಟ್.

ಎರಡನೇ ವಾರ ಮುಂದೆ ಹೋದಂತೆ ಹೊರ ಕೋರ್ಟ್‌ಗಳಲ್ಲಿ ದೊಡ್ಡ ಹೆಸರುಗಳು ಕಡಿಮೆ. ಆದ್ದರಿಂದ ಗ್ರೌಂಡ್ ಪಾಸ್ ನೆಚ್ಚಿಕೊಂಡು ಹೋಗುವವರು ಮೊದಲ ವಾರವನ್ನೇ ಆರಿಸಿಕೊಳ್ಳುವುದು ಮೇಲು.

ಇನ್ನೊಂದು ಬಾಗಿಲು ಇರುವುದು ಆವರಣದ ಒಳಗೆ. ಸೆಂಟರ್ ಕೋರ್ಟ್ ನೋಡುತ್ತಿದ್ದವರು ಸಂಜೆ ಮನೆಗೆ ಹೊರಟಾಗ ತಮ್ಮ ಟಿಕೆಟ್ಟನ್ನು ಬಿಟ್ಟುಕೊಡಬಹುದು. ಆ ಸೀಟನ್ನು ಕ್ಲಬ್ ಮತ್ತೆ ಮಾರುತ್ತದೆ, ಹದಿನೈದು ಪೌಂಡ್ ಆಸುಪಾಸಿಗೆ. ದುಡ್ಡು ದಾನಕ್ಕೆ ಹೋಗುತ್ತದೆ. 1954ರಿಂದ ನಡೆದುಬಂದ ಪದ್ಧತಿ ಇದು. ಒಳಗಿದ್ದವರು ಮಧ್ಯಾಹ್ನ ಆ್ಯಪ್‌ನಲ್ಲಿ ಸಾಲಿಗೆ ಸೇರಿಕೊಳ್ಳಬೇಕು. ಸರದಿ ಬಂದಾಗ 18ನೇ ಕೋರ್ಟ್ ಪಕ್ಕದ ಗುಡ್ಡದ ಮೇಲಿನ ಪುಟ್ಟ ಗೂಡಂಗಡಿಯಂಥ ಕೌಂಟರ್‌ಗೆ ಹೋಗಿ ಟಿಕೆಟ್ ತಗೊಳ್ಳಬೇಕು. ಜುಲೈನಲ್ಲಿ ಲಂಡನ್‌ನಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕು ಇರುತ್ತದೆ. ಛಾವಣಿ ಮುಚ್ಚಿ ದೀಪ ಹಾಕಿದರೆ ರಾತ್ರಿ ಹನ್ನೊಂದರವರೆಗೂ ಆಟ. ಆರು ಗಂಟೆಗೆ ಸೀಟು ಸಿಕ್ಕರೂ ಐದು ಗಂಟೆಯ ಟೆನಿಸ್ ಬಾಕಿ ಇರಬಹುದು.